ನಾಲ್ಕನೇ ಪಾಠದಲ್ಲಿದ್ದ ಹ್ಯಾಶ್

ಶುರುವಾದದ್ದು ಜೂನ್ ಹದಿನೇಳು, ಮಂಗಳವಾರ, ಬೆಳಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಅರಕಲಗೂಡಿನಲ್ಲಿ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಒಂದು ಬೀಜ ಗೊಬ್ಬರದ ಅಂಗಡಿ, ಅದರ ಮಹಡಿಯ ಮೇಲೆ ಕಂಪ್ಯೂಟರ್ ತರಬೇತಿ ಕೇಂದ್ರ. ನಾನು ಅಲ್ಲಿಗೆ ಹೋದದ್ದು ಕಲಿಯುವುದಕ್ಕಲ್ಲ, ಕಲಿಸುವುದಕ್ಕೂ ಅಲ್ಲ. ಹೊಸದಾಗಿ ಪ್ರೋಗ್ರಾಮಿಂಗ್‌ಗೆ ಬಂದವರು ನಾನು ಬರೆದ ಒಂದು ಪುಟವನ್ನು ಓದುವಾಗ ಎಲ್ಲೆಲ್ಲಿ ನಿಲ್ಲುತ್ತಾರೆ ಎಂದು ನೋಡುವುದಕ್ಕೆ.

ಸ್ವಲ್ಪ ವಿವರ ಹೇಳಬೇಕು. ಪ್ರತಿ ಪ್ರೋಗ್ರಾಮಿಂಗ್ ಭಾಷೆಗೂ ಒಂದು ಕೈಪಿಡಿ ಇರುತ್ತದೆ. ನಾನು ಕೆಲಸ ಮಾಡುವ ಭಾಷೆಯ ಕೈಪಿಡಿಯನ್ನು ಬೇರೆ ಬೇರೆ ದೇಶಗಳ ಜನ ಬಿಡುವಿನಲ್ಲಿ ಬರೆದು ತಿದ್ದುತ್ತಾರೆ. ಅದರ ಕನ್ನಡ ಪುಟಗಳು ಎರಡು ವರ್ಷದಿಂದ ನನ್ನ ಪಾಲಿಗಿವೆ. ಹಾಸನದ ಒಂದು ಕಚೇರಿಯಲ್ಲಿ ನನಗೆ ಅರ್ಧ ದಿನದ ಕೆಲಸ. ಉಳಿದರ್ಧ ದಿನ ಈ ಪುಟಗಳಿಗೆ ಹೋಗುತ್ತದೆ. ಮೊದಮೊದಲು ಇಂಗ್ಲಿಷಿನಲ್ಲಿದ್ದದ್ದನ್ನು ಹಾಗೇ ಕನ್ನಡಕ್ಕೆ ತಂದು ಹಾಕುತ್ತಿದ್ದೆ. ಯಾರಾದರೂ ಓದಿದ ಗುರುತು ಕಾಣಲಿಲ್ಲ. ಈ ವರ್ಷ ಗುಂಪಿನವರು ಒಂದು ನಿಯಮ ಮಾಡಿದರು. ಯಾವ ನುಡಿಯಲ್ಲೇ ಆಗಲಿ, ‘ಮೊದಲ ದಿನ’ ಎಂಬ ಪುಟವನ್ನು ಮೂವರು ಹೊಸಬರು ಯಾರ ಸಹಾಯವೂ ಇಲ್ಲದೆ ಓದಿ, ಅದರಲ್ಲಿರುವ ಸಣ್ಣ ಪ್ರೋಗ್ರಾಮನ್ನು ನಡೆಸಬೇಕು. ಆಮೇಲೇ ಪ್ರಕಟಣೆ. ನಿಯಮ ಸರಿಯಾಗಿಯೇ ಇತ್ತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ನಾಲ್ಕು ಊರುಗಳ ತರಬೇತಿ ಕೇಂದ್ರಗಳಿಗೆ ಫೋನ್ ಮಾಡಿದೆ. ನಾಲ್ಕೂ ಕಡೆ ಬನ್ನಿ ಅಂದರು.

ಇನ್ನೊಂದು ವಿಷಯವನ್ನೂ ಇಲ್ಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದನ್ನು ಓದುವಾಗ ನಾನು ಒರಟು ಅನ್ನಿಸಬಹುದು. ಯುಗಾದಿಯ ಆಸುಪಾಸಿನಿಂದ ನನಗೆ ಯಾವುದೂ ಅಷ್ಟಾಗಿ ತಟ್ಟುತ್ತಿಲ್ಲ. ಅಂಥದ್ದೇನೂ ನಡೆದಿಲ್ಲ. ರಕ್ತ ಪರೀಕ್ಷೆ ಮಾಡಿಸಿದೆ, ಎಲ್ಲ ಸರಿಯಿದೆ ಅಂದರು. ಊಟ ಮಾಡುತ್ತೇನೆ, ನಿದ್ದೆ ಬರುತ್ತದೆ. ಅಮ್ಮ ಒಬ್ಬಟ್ಟು ಮಾಡಿ ಹೇಗಿದೆ ಎಂದು ಕೇಳಿದರೆ ಚೆನ್ನಾಗಿದೆ ಅನ್ನುತ್ತೇನೆ. ಚೆನ್ನಾಗಿದೆ ಎಂದು ಗೊತ್ತೂ ಆಗುತ್ತದೆ. ಅಷ್ಟೇ, ಅದರಿಂದ ಮುಂದಕ್ಕೆ ಏನೂ ಆಗುವುದಿಲ್ಲ. ದಿನಚರಿ ಬರೆಯುವ ರೂಢಿ ಹೈಸ್ಕೂಲಿನಿಂದಲೂ ಇದೆ. ಈಗ ಅದರಲ್ಲಿ ದಿನಾಂಕ, ಬಸ್ಸಿನ ಹೊತ್ತು, ಗೀಟುಗಳು ಬಿಟ್ಟರೆ ಬೇರೇನೂ ಇಲ್ಲ.

ಗೀಟು ನನ್ನ ಕೆಲಸದ ಕ್ರಮ. ಓದುವವರ ಹಿಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಮಾತಾಡುವುದಿಲ್ಲ. ಅವರ ಬೆರಳು ನಿಂತು, ಕಣ್ಣು ವಾಪಸು ಪುಟಕ್ಕೆ ಹೋದರೆ ಆ ವಾಕ್ಯದ ಪಕ್ಕ ಒಂದು ಗೀಟು. ಒಂದು ವಾಕ್ಯಕ್ಕೆ ಮೂರು ಗೀಟು ಬಿದ್ದರೆ ವಾಕ್ಯವನ್ನು ತಿದ್ದಬೇಕು. ಓದುವವರದ್ದು ತಪ್ಪು ಎಂಬ ಕಾಲಂ ನನ್ನ ಹಾಳೆಯಲ್ಲಿ ಇಲ್ಲ.

ಅರಕಲಗೂಡಿನ ಕೇಂದ್ರವನ್ನು ನಡೆಸುವವರು ಐವತ್ತರ ಆಸುಪಾಸಿನ ಒಬ್ಬ ಮೇಷ್ಟ್ರು. ಪಾಠ, ವೈರಿಂಗ್, ಬಾಗಿಲಿನ ಬೀಗ, ಎಲ್ಲ ಅವರದ್ದೇ. ಅವರಿಗೂ ಒಂದು ನಿಯಮ ಇತ್ತು. ಪ್ರೋಗ್ರಾಮಿಂಗ್ ಬ್ಯಾಚಿನಲ್ಲಿ ಸೀಟುಗಳು ಕಡಿಮೆ. ಸೇರಬೇಕು ಅನ್ನುವವರು ಮೊದಲ ಪಾಠವನ್ನು ತಾವೇ ಓದಿ ತಾವೇ ನಡೆಸಿ ತೋರಿಸಬೇಕು. ಆಗದವರು ಟೈಪಿಂಗ್ ಬ್ಯಾಚಿಗೆ. “ಓದ ವರ್ಸ ಅರ್ಧ ಕ್ಲಾಸು ದಸರಾಕ್ಕೇ ಖಾಲಿ ಆಯ್ತು ಮೇಡಂ. ಮನೇಲಿ ಮಗ್ಗಿ ಹೇಳಿಕೊಟ್ಟಂಗೆ ಎಲ್ಲಾನೂ ನಾನೇ ಹೇಳ್ಕೊಡಕಾಯ್ತದಾ?” ಅಂದರು. ಆ ದಿನ ಉಳಿದಿದ್ದದ್ದು ಒಂದೇ ಸೀಟು.

ಅದನ್ನು ಕೇಳಿ ಬಂದಿದ್ದವರು ಮಲ್ಲಿಪಟ್ಟಣದ ಒಬ್ಬ ಹೆಂಗಸು. ಮೂವತ್ತೈದು ದಾಟಿರಬಹುದು. ತವರು ಕಟ್ಟಾಯದ ಕಡೆ, ಪಿಯುಸಿ ಆದ ಮೇಲೆ ಮದುವೆ. ಇದೇ ಕೇಂದ್ರದಲ್ಲಿ ಆಗಲೇ ಟೈಪಿಂಗ್ ಮುಗಿಸಿದ್ದರು. ಕನ್ನಡವನ್ನು ಕೀಲಿಮಣೆ ನೋಡದೆ ಹೊಡೆಯುತ್ತಿದ್ದರು. ಅವರ ಹೋಬಳಿಯ ಒಂದು ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ನೋಡಿಕೊಳ್ಳುವವರು ಬೇಕಾಗಿದ್ದರು, ಆದರೆ ಟೈಪಿಂಗ್ ಸಾಲದು, ಪ್ರೋಗ್ರಾಮಿಂಗ್ ಬರಬೇಕು ಅಂದಿದ್ದರು. ಅದಕ್ಕೇ ಈ ಸೀಟು. ಇದನ್ನೆಲ್ಲ ಅವರೇ ಹೇಳಿದರು, ಚಪ್ಪಲಿ ಬಿಡುತ್ತಾ, ನಾನು ಕೇಳುವ ಮೊದಲೇ.

“ನೀವು ಪರೀಕ್ಷೆ ಮಾಡೋರಾ?” ಎಂದು ಕೇಳಿದರು.

“ಇಲ್ಲ. ನಿಮ್ಮನ್ನಲ್ಲ, ಪುಟವನ್ನ.”

“ಅಂಗಾರೆ ಪುಟಕ್ಕೇ ಭಯ ಆಗ್ಲಿ,” ಎಂದು ಕುರ್ಚಿ ಎಳೆದುಕೊಂಡರು.

ಆ ಕೇಂದ್ರದಲ್ಲಿ ಯಾರೂ ನೇರವಾಗಿ ಕಂಪ್ಯೂಟರಿನ ಮುಂದೆ ಕೂರುವುದಿಲ್ಲ. ಕರೆಂಟ್ ಯಾವಾಗ ಹೋಗುತ್ತದೋ ಗೊತ್ತಿಲ್ಲವಾದ್ದರಿಂದ ಮೊದಲು ಪಾಠವನ್ನು ನೋಟ್‌ಬುಕ್ಕಿಗೆ ಬರೆದುಕೊಳ್ಳಬೇಕು, ಮೇಷ್ಟ್ರು ಒಂದು ಟಿಕ್ ಹಾಕಬೇಕು, ಆಮೇಲೆ ಅದನ್ನು ನೋಡಿಕೊಂಡು ಟೈಪ್ ಮಾಡಬೇಕು. ಉಳಿದ ಮೂರು ಊರುಗಳಲ್ಲೂ ಹೆಚ್ಚುಕಡಿಮೆ ಹೀಗೇ. ಹೀಗಾಗಿ ಅವರು ಟೈಪ್ ಮಾಡುವುದು ನನ್ನ ಪುಟವನ್ನಲ್ಲ, ತಮ್ಮ ಕೈಬರಹವನ್ನು. ಇದು ನನಗೆ ಆವತ್ತಿನವರೆಗೆ ಗೊತ್ತಿರಲಿಲ್ಲ. ಕೈಪಿಡಿ ಬರೆಯುವ ಗುಂಪಿನಲ್ಲಿ ಯಾರಿಗೂ ಗೊತ್ತಿರಲಾರದು.

ನನ್ನ ಪುಟ ಹೀಗೆ ಶುರುವಾಗುತ್ತಿತ್ತು: “ಒಂದು ಖಾಲಿ ಪುಟವನ್ನು ತೆರೆಯಿರಿ. ಅದರಲ್ಲಿ ಕೆಳಗಿನ ಎರಡು ಸಾಲುಗಳನ್ನು ಬರೆಯಿರಿ.” ಮೊದಲ ಸಾಲು ನಿಮ್ಮ ಊರಿನ ಹೆಸರನ್ನು ನೆನಪಿನಲ್ಲಿಡುತ್ತದೆ, ಎರಡನೆಯದು ಅದನ್ನು ಪರದೆಯ ಮೇಲೆ ತೋರಿಸುತ್ತದೆ. ನಡೆಸಿದರೆ ‘ನಮ್ಮೂರು ಮಲ್ಲಿಪಟ್ಟಣ’ ಎಂದು ಬರಬೇಕು. ಆಮೇಲೆ ಅದಕ್ಕೆ ಒಂದು ಹೆಸರಿಟ್ಟು ಉಳಿಸಿ, ಮುಚ್ಚಿ, ಮತ್ತೆ ತೆರೆದು ಇನ್ನೊಮ್ಮೆ ನಡೆಸಬೇಕು. ಅಷ್ಟಕ್ಕೆ ಮೊದಲ ದಿನ ಮುಗಿಯುತ್ತದೆ.

ನೋಟ್‌ಬುಕ್ಕಿಗೆ ಟಿಕ್ ಬಿದ್ದ ಮೇಲೆ ಅವರು ಕಂಪ್ಯೂಟರಿನಲ್ಲಿ ಖಾಲಿ ಪುಟ ತೆರೆದರು. ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದರು. ಮಧ್ಯಕ್ಕೆ ಬರುವಷ್ಟು ಜಾಗ ಬಿಟ್ಟು ‘ಶ್ರೀ’ ಎಂದು ಹೊಡೆದರು. ಕೆಳಗಿನ ಸಾಲಿಗೆ ಇಳಿದು ನನ್ನ ಎರಡು ಸಾಲುಗಳನ್ನು ಒಂದು ಚುಕ್ಕೆಯೂ ತಪ್ಪದೆ ಬರೆದರು. ನಡೆಸಿದರು. ಕೆಂಪು ಅಕ್ಷರ ಬಂತು.

ನನ್ನ ಪೆನ್ನು ನಿಂತಿತು. ಯಾವ ವಾಕ್ಯದ ಪಕ್ಕ ಗೀಟು ಹಾಕಬೇಕು ಎಂದು ತಿಳಿಯಲಿಲ್ಲ. ‘ಶ್ರೀ’ ನನ್ನ ಪುಟದಲ್ಲಿ ಇರಲೇ ಇಲ್ಲ.

ಕೆಂಪು ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಒಂದನೇ ಸಾಲಿನಲ್ಲಿ ತಪ್ಪಿದೆ ಎಂದಿತ್ತು. ಅವರು ಅದನ್ನು ಓದಿಕೊಂಡರು. ಓದಿ, ಊರಿನ ಹೆಸರಿದ್ದ ಸಾಲನ್ನು ಅಳಿಸಿ ಮತ್ತೆ ಬರೆದರು. ಅವರ ಪಾಲಿಗೆ ಒಂದನೇ ಸಾಲು ಅದೇ. ಮೇಲಿದ್ದದ್ದು ಸಾಲಲ್ಲ, ಪುಟದ ತಲೆ. ಮತ್ತೆ ನಡೆಸಿದರು, ಮತ್ತೆ ಕೆಂಪು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿದರು. ಉದ್ಧರಣ ಚಿಹ್ನೆ ಬದಲಿಸಿದರು. ಮಲ್ಲಿಪಟ್ಟಣ ಉದ್ದವಾಯಿತೇನೋ ಎಂದು ಕಟ್ಟಾಯ ಹಾಕಿ ನೋಡಿದರು. ಹನ್ನೊಂದೂವರೆಗೆ ಕರೆಂಟ್ ಹೋಯಿತು. ‘ಶ್ರೀ’ಯನ್ನು ಅವರು ಒಮ್ಮೆಯೂ ಮುಟ್ಟಲಿಲ್ಲ.

ಫ್ಯಾನ್ ನಿಂತ ಮೇಲೆ ಮೇಷ್ಟ್ರು ಬಂದು ನಿಂತರು. ಅವರು ಆಚೆಯಿಂದಲೇ ನೋಡಿಕೊಂಡಿದ್ದರು.

“ಮೇಲ್ಗಡೆ ಬರ್ದಿದ್ರಲ್ಲ, ಅದೇ ತಪ್ಪು. ಅದುಕ್ಕೆ ಶ್ರೀ ಅಂದ್ರೆ ಯಾರು ಅಂತ ಗೊತ್ತಿಲ್ಲ.”

“ಗೊತ್ತಿಲ್ವಾ? ಕಂಪ್ಯೂಟ್ರುಗೆ ಎಲ್ಲಾ ಗೊತ್ತು ಅಂತ ನೀವೇ ಯೋಳಿದ್ರಲ್ಲ ಸಾ.”

“ನೀವು ಯೋಳ್ಕೊಟ್ಟಷ್ಟೇ ಕಣಮ್ಮ ಅದುಕ್ಕೆ ಗೊತ್ತಾಗದು.”

“ಅಲ್ಲಾ, ಅದು ಪ್ರೋಗ್ರಾಮೇ ಅಲ್ವಲ್ಲ. ಅದ್ರಲ್ಲಿ ಎಂಗೆ ತಪ್ಪಾಯ್ತದೆ?”

“ಪುಟದ ಮೇಲಿರೋದೆಲ್ಲಾ ಪ್ರೋಗ್ರಾಮೇ ಅಂದ್ಕೊತದೆ ಅದು.”

“ಅಂಗಾರೆ ಅದುನ್ನ ಬರೀದೆ ಶುರು ಮಾಡ್ಬೇಕಾ?” ಅವರು ತಮ್ಮ ಕೈಯನ್ನೇ ನೋಡಿಕೊಂಡರು. “ಅಂಗಡಿ ಚೀಟಿ ಬರ್ದ್ರೂ ಮೇಲೆ ಶ್ರೀ ಬರ್ದೇ ಬರ್ದಿವ್ನಿ. ಬರೀದಿದ್ರೆ ಕೈ ಓಡಲ್ಲ ಸಾ.”

ಮೇಷ್ಟ್ರು ನಕ್ಕರು. “ಬರೀರಿ, ಯಾರ್ ಬ್ಯಾಡಂದ್ರು. ಮುಂದ್ಗಡೆ ಒಂದು ಹ್ಯಾಶ್ ಗುರುತು ಹಾಕುದ್ರೆ ಅದುನ್ನ ಓದಲ್ಲ. ಅದು ನಾಕ್ನೇ ಪಾಠದಲ್ಲಿ ಬತ್ತದೆ.”

“ನಾಕ್ನೇ ಪಾಠುಕ್ಕೆ ನಾನ್ ಇಲ್ಲಿರ್ತೀನೋ ಇಲ್ವೋ!”

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಾನು ಆ ಮಾತನ್ನು ಹಾಗೆಯೇ ಬರೆದುಕೊಂಡೆ.

ಮೇಷ್ಟ್ರು ಒಂದು ವಾರ ಕೊಟ್ಟರು. ಮುಂದಿನ ಮಂಗಳವಾರ ಇನ್ನೊಂದು ಸಲ. ಈ ಮೇಡಮ್ಮು ಪುಟ ತಿದ್ದಿಕೊಂಡು ಬರುತ್ತಾರೆ, ಅದನ್ನು ಓದಿ ಪೂರ್ತಿ ನಡೆಸಬೇಕು. ಆಗದಿದ್ದರೆ ಸೀಟು ಬೇರೆಯವರಿಗೆ. ಹೆಂಗಸು ತಲೆಯಾಡಿಸಿದರು. ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದರು, “ತಿದ್ತೀರಲ್ಲ?” ತಿದ್ದುತ್ತೇನೆ ಅಂದೆ. ಹಾಸನದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಆಲೂಗಡ್ಡೆ ಹೊಲಗಳಲ್ಲಿ ಗಿಡದ ಬುಡಕ್ಕೆ ಮಣ್ಣು ಏರಿಸುತ್ತಿದ್ದರು. ಒಬ್ಬರ ಕೆಲಸ ನನ್ನ ಒಂದು ವಾಕ್ಯದ ಮೇಲೆ ನಿಂತಿದೆ ಎಂದು ನನಗೆ ತಿಳಿದಿತ್ತು. ಗಾಬರಿಯಾಗಬೇಕಿತ್ತು. ಆಗಲಿಲ್ಲ. ಆಗದಿದ್ದದ್ದನ್ನೂ ಬರೆದುಕೊಂಡೆ.

ಗುರುವಾರ ಹೊಳೆನರಸೀಪುರ. ಈ ಸಲ ನೋಟ್‌ಬುಕ್ಕುಗಳ ತಲೆ ನೋಡುತ್ತಾ ಕುಳಿತೆ. ಕನ್ನಡ ಟೈಪಿಂಗ್ ಬಾರದ ಒಬ್ಬರು ‘ಶ್ರೀ’ಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆದು ಅದೇ ಕೆಂಪಿಗೆ ಸಿಕ್ಕಿಕೊಂಡರು. ಅವರ ಪಕ್ಕದ ಹುಡುಗಿ ಬಿಸ್ಮಿಲ್ಲಾದ ಬದಲಿಗೆ ಬರೆಯುವ ‘786’ ಹೊಡೆದಳು. ಅದು ಬರೀ ಸಂಖ್ಯೆಯಾದ್ದರಿಂದ ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡು ಮುಂದೆ ಹೋಯಿತು. ಅವಳು ಯಾರ ಸಹಾಯವೂ ಇಲ್ಲದೆ ಪುಟ ಮುಗಿಸಿದಳು. ಪಕ್ಕದವರು ಎರಡು ಪರದೆಗಳನ್ನೂ ನೋಡಿ, “ನಿಮ್ದು ಮಾತ್ರ ಎಂಗೆ ಪಾಸ್ ಮಾಡ್ತು ಕಣೇ? ರೆಕಮೆಂಡೇಶನ್ನಾ?” ಅಂದರು. “ನಮ್ದು ಲೆಕ್ಕ ಅಲ್ವಾ, ನಿಮ್ದು ಮಾತು,” ಅಂದಳು ಅವಳು. ನನ್ನ ಹಾಳೆಯಲ್ಲಿ ಸಹಾಯವಿಲ್ಲದೆ ಮುಗಿಸಿದವರು: ಒಬ್ಬರು.

ಶುಕ್ರವಾರ ಹಾಸನದಲ್ಲಿ, ಶೆಟ್ಟಿಹಳ್ಳಿಯಿಂದ ಬರುವ ಒಬ್ಬ ವಿದ್ಯಾರ್ಥಿ ಕೂಡಿಸುವ ಚಿಹ್ನೆಯನ್ನು ಶಿಲುಬೆಯ ಹಾಗೆ ತಲೆಯಲ್ಲಿ ಇಟ್ಟುಕೊಂಡು ಶುರು ಮಾಡಿದ. ಯಂತ್ರ ಅದರ ಮುಂದೆ ಏನನ್ನು ಕೂಡಿಸಬೇಕು ಎಂದು ಕಾದು ಬೇರೆ ಥರದ ಕೆಂಪು ತೋರಿಸಿತು. ಶನಿವಾರ ಚನ್ನರಾಯಪಟ್ಟಣದಲ್ಲಿ ದಿನಸಿ ಅಂಗಡಿಯವರ ಸೊಸೆಯೊಬ್ಬರು ‘ಓಂ’ ಬರೆದರು. ಅಲ್ಲಿಯೇ ಇನ್ನೊಬ್ಬರು ತಲೆಯಲ್ಲಿ ಏನೂ ಬರೆಯದೆ ಸಲೀಸಾಗಿ ಮುಗಿಸಿದರು. ಸಹಾಯವಿಲ್ಲದೆ ಮುಗಿಸಿದವರು: ಇಬ್ಬರು. ನಾಲ್ಕು ಊರುಗಳಲ್ಲಿ ನೋಡಿದ ಒಂಬತ್ತು ಜನರಲ್ಲಿ ಆರು ಜನ ಪುಟದ ತಲೆಯಲ್ಲಿ ಏನಾದರೊಂದು ಇಟ್ಟಿದ್ದರು. ಉಳಿದ ಮೂವರಲ್ಲಿ ಇಬ್ಬರು ಉದ್ಧರಣ ಚಿಹ್ನೆ ಮರೆತು ಅಲ್ಲೇ ನಿಂತಿದ್ದರು. ನಾನು ಮಾತ್ರ ‘ಖಾಲಿ ಪುಟ’ ಎಂದು ಬರೆದು ಸುಮ್ಮನಾಗಿದ್ದೆ. ನಾನೂ ಪರೀಕ್ಷೆಯಲ್ಲಿ ಪ್ರತಿ ಸಲ ‘ಶ್ರೀ’ ಬರೆದೇ ಪ್ರಶ್ನೆಪತ್ರಿಕೆ ತಿರುಗಿಸಿದವಳು. ಕೀಲಿಮಣೆಗೆ ಬಂದಾಗ ಅದು ಯಾವಾಗ ಬಿಟ್ಟುಹೋಯಿತೋ ನೆನಪಿಲ್ಲ.

ಭಾನುವಾರ ಕುಳಿತು ಪುಟದ ಮೊದಲ ಭಾಗ ಬದಲಿಸಿದೆ:

“ಹೊಸ ಪುಟ ತೆರೆಯಿರಿ. ಪುಟದ ತಲೆಯಲ್ಲಿ ಏನಾದರೂ ಬರೆಯುವ ರೂಢಿ ನಿಮಗಿದ್ದರೆ ಇಲ್ಲಿಯೂ ಬರೆಯಬಹುದು. ಅದರ ಮುಂದೆ # (ಹ್ಯಾಶ್) ಗುರುತು ಹಾಕಿ. ಈ ಗುರುತಿನಿಂದ ಶುರುವಾದ ಸಾಲನ್ನು ಯಂತ್ರ ಓದುವುದಿಲ್ಲ, ದಾಟಿಕೊಂಡು ಹೋಗುತ್ತದೆ. ಆ ಸಾಲು ನಿಮ್ಮದು. ಆದರೆ ಸಾಲುಗಳನ್ನು ಎಣಿಸುವಾಗ ಯಂತ್ರ ಅದನ್ನೂ ಸೇರಿಸಿ ಎಣಿಸುತ್ತದೆ. ಒಂದನೇ ಸಾಲು ಅಂದರೆ ಪುಟದ ಎಲ್ಲಕ್ಕಿಂತ ಮೇಲಿನ ಸಾಲು.”

ಗುಂಪಿಗೆ ಕಳಿಸಿದೆ. ಬೇರೆ ದೇಶದ ಒಬ್ಬ ಪರಿಶೀಲಕರು ಸಂಜೆಯೊಳಗೆ ಉತ್ತರ ಬರೆದರು. ಯಂತ್ರ ಓದದ ಸಾಲನ್ನು ಕಲಿಸುವುದು ನಾಲ್ಕನೇ ಪಾಠದ ಕೆಲಸ, ಏನೂ ಮಾಡದ ಒಂದು ಗುರುತಿನಿಂದ ಹೊಸಬರ ಮೊದಲ ದಿನ ಶುರುವಾಗುವುದು ವಿಚಿತ್ರ ಎಂಬುದು ಅವರ ಆಕ್ಷೇಪ. ನಾನು ಒಂಬತ್ತು ಜನರ ವಿವರ ಹಾಕಿ, ಮಲ್ಲಿಪಟ್ಟಣದ ಹೆಂಗಸಿನ ನಾಲ್ಕನೇ ಪಾಠದ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ. ಇಂಗ್ಲಿಷಿನಲ್ಲಿ ಅದು ಸಪ್ಪೆಯಾಯಿತು. ಆದರೂ ಅವರಿಗೆ ಮುಟ್ಟಿರಬೇಕು. “ಸರಿ, ಮೂರನೆಯವರು ಸಹಾಯವಿಲ್ಲದೆ ಮುಗಿಸಲಿ, ಸೇರಿಸೋಣ,” ಎಂದು ಬರೆದರು.

ಜೂನ್ ಇಪ್ಪತ್ತನಾಲ್ಕು, ಮಂಗಳವಾರ. ಮಳೆ ಹಿಡಿದಿತ್ತು. ಮಲ್ಲಿಪಟ್ಟಣದವರು ಸೆರಗಿನಲ್ಲಿ ಕೈ ಒರೆಸಿಕೊಂಡು ಹೊಸ ಪುಟವನ್ನು ತಗೊಂಡರು. ನೋಟ್‌ಬುಕ್ಕಿಗೆ ಬರೆದುಕೊಂಡರು. ಮೇಷ್ಟ್ರು ಟಿಕ್ ಹಾಕಿ, ಯುಪಿಎಸ್ ಬ್ಯಾಟರಿಗೆ ನೀರು ಹಾಕಲು ಹಿಂದಿನ ಕೋಣೆಗೆ ಹೋದರು.

# ಗುರುತಿನ ಕೀಲಿ ಹುಡುಕಲು ಸ್ವಲ್ಪ ಹೊತ್ತು ಹಿಡಿಯಿತು. ಅಲ್ಲಿ ಒಂದು ಗೀಟು ಬಿತ್ತು. ಹಾಕಿದರು. ಅದರ ಪಕ್ಕದಲ್ಲಿ ‘ಶ್ರೀ’ ಬರೆದರು. “ಮಿಷನ್ನು ಓದ್ದಿದ್ರೆ ಬ್ಯಾಡ ಬುಡು, ಓದೋರು ಓದ್ಕತಾರೆ,” ಎಂದು ಯಾರಿಗೂ ಅಲ್ಲದ ಹಾಗೆ ಹೇಳಿ ಎರಡು ಸಾಲುಗಳನ್ನು ಮುಗಿಸಿ ನಡೆಸಿದರು. ‘ನಮ್ಮೂರು ಮಲ್ಲಿಪಟ್ಟಣ’ ಬಂತು. ಅವರು ಅದನ್ನು ಎರಡು ಸಲ ಓದಿದರು. ಹಿಂದೆ ತಿರುಗಿ ನನ್ನನ್ನು ನೋಡಿದರು. ನಾನು ನಿಯಮದಂತೆ ತಲೆಯಾಡಿಸಲಿಲ್ಲ.

ಉಳಿದದ್ದು ಪುಟದ ಕೊನೆಯ ಭಾಗ. “ನಿಮ್ಮ ಫೋಲ್ಡರಿನಲ್ಲಿ ಒಂದು ಹೆಸರಿಟ್ಟು ಉಳಿಸಿ. ಮುಚ್ಚಿ. ಮತ್ತೆ ತೆರೆದು ನಡೆಸಿ.” ಈ ವಾಕ್ಯಗಳನ್ನು ನಾನು ತಿದ್ದಿರಲಿಲ್ಲ. ಮುಗಿಸಿದ ಇಬ್ಬರೂ ಇಲ್ಲಿ ನಿಂತಿರಲಿಲ್ಲ, ಉಳಿದವರು ಇಲ್ಲಿಯವರೆಗೆ ಬಂದಿರಲಿಲ್ಲ. ಅವರು ‘ನಮ್ಮೂರು’ ಎಂದು ಹೆಸರಿಟ್ಟು ಉಳಿಸಿದರು, ಮುಚ್ಚಿದರು. ಮತ್ತೆ ತೆರೆಯಲು ಹೋದರೆ ಅವರ ಫೋಲ್ಡರ್ ಖಾಲಿಯಿತ್ತು. ಒಳಗೆ ಹೋದರು, ಹೊರಗೆ ಬಂದರು. ಟೈಪಿಂಗ್ ಬ್ಯಾಚಿನಲ್ಲಿ ಬರೆದದ್ದನ್ನು ಮೇಷ್ಟ್ರೇ ಪ್ರಿಂಟ್ ಹಾಕಿಕೊಡುತ್ತಿದ್ದರಂತೆ. ಹುಡುಕುವ ಪ್ರಮೇಯವೇ ಬಂದಿರಲಿಲ್ಲ. ಆ ವಾಕ್ಯದ ಪಕ್ಕ ಒಂದು ಗೀಟು, ಎರಡು, ಮೂರು. ಅವರ ಕಿವಿಯ ಹಿಂದೆ ಬೆವರು ಕಂಡಿತು.

ಪಕ್ಕದ ಕಂಪ್ಯೂಟರಿನ ಹುಡುಗಿ, ಬ್ಯಾಚಿಗೆ ಆಗಲೇ ಸೇರಿದ್ದವಳು, ತನ್ನ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಹೇಳಿದಳು: “ಅಕ್ಕಾ, ಅದು ನನ್ ಫೋಲ್ಡ್ರುಗೆ ಓಗಿರ್ತದೆ. ನೆನ್ನೆ ಆ ಸಿಸ್ಟಮ್ಮಲ್ಲಿ ನಾನ್ ಕೂತಿದ್ದೆ. ಕೊನೇಲಿ ಯಾರ್ ಕೂತಿದ್ರೋ ಅವ್ರ ಮನೇಗೇ ಓಯ್ತದೆ ಅದು.”

ಅವರು ಅಲ್ಲಿ ನೋಡಿದರು. ಇತ್ತು. ತೆರೆದರು, ನಡೆಸಿದರು, ಮತ್ತೆ ‘ನಮ್ಮೂರು ಮಲ್ಲಿಪಟ್ಟಣ’ ಬಂತು.

ಮೇಷ್ಟ್ರು ಕೈ ಒರೆಸಿಕೊಳ್ಳುತ್ತಾ ಬಂದರು. ಪರದೆ ನೋಡಿದರು. ಆಮೇಲೆ ಅವರನ್ನಲ್ಲ, ನನ್ನನ್ನು ಕೇಳಿದರು: “ಒಬ್ರೇ ಮಾಡುದ್ರಾ ಮೇಡಂ?”

ಹುಡುಗಿಯ ಬೆರಳು ಕೀಲಿಮಣೆಯ ಮೇಲೇ ನಿಂತಿತ್ತು. ಹೆಂಗಸು ತಿರುಗಲಿಲ್ಲ, ಪರದೆಯನ್ನೇ ನೋಡುತ್ತಿದ್ದರು. ನನ್ನ ಹಾಳೆಯನ್ನು ನೋಡಿಕೊಂಡೆ. ಅಲ್ಲಿ ಇದ್ದದ್ದನ್ನೇ ಓದಿದೆ: “ಮೊದಲ ಭಾಗ ಒಬ್ಬರೇ ಮಾಡಿದರು. ಉಳಿಸಿದ್ದು ಬೇರೆಯವರ ಫೋಲ್ಡರಿಗೆ ಹೋಯಿತು, ಪಕ್ಕದವರು ಹೇಳಿದರು. ನನ್ನ ಪುಟದಲ್ಲಿ ‘ನಿಮ್ಮ ಫೋಲ್ಡರ್’ ಅಂತ ಬರೆದಿದೆ. ಒಂದೇ ಕಂಪ್ಯೂಟರಿನಲ್ಲಿ ಸರದಿ ಮೇಲೆ ಕೂರುವವರಿಗೆ ಅದು ಯಾವುದು ಅಂತ ಪುಟ ಹೇಳುವುದಿಲ್ಲ. ಇಲ್ಲಿ ಯಾರು ಕೂತರೂ ಅಲ್ಲೇ ನಿಲ್ಲುತ್ತಾರೆ.”

ಮೇಷ್ಟ್ರು ನನ್ನ ಕೈಯಿಂದ ಪುಟ ತಗೊಂಡು ಆ ಸಾಲನ್ನು ಓದಿದರು. ಇನ್ನೊಂದು ಸಲ ಓದಿದರು.

“ನಮ್ ಸಿಸ್ಟಮ್ಮಲ್ಲಿ ನಂಗೇ ಗೊತ್ತಾಗಕಿಲ್ಲ ಬುಡಿ,” ಅಂದರು. “ಅಂಗಾದ್ರೆ ನಿಮ್ ಪುಟ ಫೇಲು, ಇವ್ರು ಪಾಸು.”

ಹುಡುಗಿ ಮೊದಲು ನಕ್ಕಳು. ಹೆಂಗಸು ನಗಲಿಲ್ಲ. “ಸಾ, ದಿಟವಾಗ್ಲೂವಾ?” ಎಂದು ಕೇಳಿದರು.

“ಗುರುವಾರದಿಂದ ಬನ್ನಿ. ಒಂಬತ್ತೂವರೆಗೆ ಬಾಗ್ಲು ತೆಗೀತೀನಿ, ತಡ ಆದ್ರೆ ಹೊರಗೇ ನಿಲ್ಲುಸ್ತೀನಿ.”

“ನಾನ್ ಒಂಬತ್ತಕ್ಕೇ ಬಂದು ನಿಮ್ ಬಾಗ್ಲು ಕಾಯ್ತೀನಿ ಬುಡಿ,” ಎಂದು ಚೀಲ ಎತ್ತಿಕೊಂಡರು. ಹುಡುಗಿಯ ತಲೆಯ ಮೇಲೊಂದು ಸಣ್ಣ ಏಟು ಕೊಟ್ಟು, “ನಿನ್ ಮನೇಗೇ ಓಗಿತ್ತಲ್ಲೇ ನಮ್ಮೂರು,” ಅಂದರು. ನನ್ನ ಹತ್ತಿರ ಬಂದು, “ನಿಮ್ದು ಇನ್ನೊಂದ್ಸಲ ಬರೀಬೇಕಾ ಈಗ?” ಎಂದು ಕೇಳಿದರು. ಹೌದು ಅಂದೆ. “ಪಾಪ,” ಅಂದರು. ಅವರ ಬಸ್ಸಿಗೆ ಹೊತ್ತಾಗಿತ್ತು, ಮಳೆಯಲ್ಲೇ ಓಡಿದರು.

ಗುಂಪಿಗೆ ಆ ಸಂಜೆಯೇ ವರದಿ ಕಳಿಸಿದೆ. ಸಹಾಯವಿಲ್ಲದೆ ಮುಗಿಸಿದವರು ಇಬ್ಬರೇ; ಪುಟ ಪ್ರಕಟಣೆಗೆ ಇನ್ನೂ ಸಿದ್ಧವಿಲ್ಲ. ಮೂರನೆಯವರನ್ನು ಎಣಿಸಿಬಿಡು, ಇಷ್ಟಕ್ಕೇ ಯಾರೂ ಕೇಳುವುದಿಲ್ಲ ಎಂದು ಒಬ್ಬರು ಬರೆದರು. ಎಣಿಸಲಿಲ್ಲ. ಎಣಿಸಿದ್ದರೆ ಮುಂದೆ ಯಾವುದೋ ಊರಿನಲ್ಲಿ, ಪಕ್ಕದಲ್ಲಿ ಹುಡುಗಿಯೂ ಇಲ್ಲದೆ, ಇನ್ನೊಬ್ಬರು ಅದೇ ಖಾಲಿ ಫೋಲ್ಡರನ್ನು ನೋಡುತ್ತಾ ಕೂರಬೇಕಾಗುತ್ತಿತ್ತು.

ಆ ದಿನ ನನಗೆ ಸಂತೋಷವಾಯಿತೇ ಎಂದು ಅಮ್ಮ ಕೇಳಿದರು. ಆಗಿರಬೇಕು ಅಂದೆ. ಮಲ್ಲಿಪಟ್ಟಣದವರು ಈಗ ತರಗತಿಗೆ ಹೋಗುತ್ತಿದ್ದಾರೆ. ಮೇಷ್ಟ್ರು ಫೋನಿನಲ್ಲಿ ಹೇಳಿದರು, ನಾಲ್ಕನೇ ಪಾಠ ದಾಟಿದ್ದಾರಂತೆ.

ನನ್ನ ಕೊನೆಯ ಭಾಗ ಮಾತ್ರ ಇನ್ನೂ ದಾಟಿಲ್ಲ. ಐದು ಸಲ ಬರೆದು ಹೊಡೆದುಹಾಕಿದ್ದೇನೆ. ಸ್ವಂತ ಕಂಪ್ಯೂಟರ್ ಇರುವವರಿಗೆ ಬರೆದರೆ ಸರದಿಯಲ್ಲಿ ಕೂರುವವರಿಗೆ ಅರ್ಥವಾಗುವುದಿಲ್ಲ. ಎಲ್ಲವನ್ನೂ ವಿವರಿಸಿದರೆ ಮೊದಲ ದಿನವೇ ಪುಟ ಮೂರಾಗುತ್ತದೆ. ಹತ್ತು ಜನ ಹಂಚಿಕೊಳ್ಳುವ ಕಂಪ್ಯೂಟರಿನಲ್ಲಿ ನೀವು ಕಲಿತಿದ್ದರೆ, ಅಥವಾ ಕಲಿಸುತ್ತಿದ್ದರೆ, ಉಳಿಸಿದ್ದು ಎಲ್ಲಿಗೆ ಹೋಗುತ್ತದೆ, ಅದನ್ನು ಮರುದಿನ ಹುಡುಕುವುದು ಹೇಗೆ ಎಂಬುದನ್ನು ಹೊಸಬರಿಗೆ ಯಾವ ಮಾತಿನಲ್ಲಿ ಹೇಳುತ್ತೀರಿ? ಬಾಯಲ್ಲಿ ಹೇಳುವಂತೆಯೇ ಬರೆದರೆ ಸಾಕು. ಗೊತ್ತಿರುವವರು ದಯವಿಟ್ಟು ನನಗೆ ಬರೆಯಿರಿ.